ಕೈಗೆ ಒಗ್ಗುವ ಗಣಕ: ಮೌಸಿನ ಗುಂಡಿಗಳನ್ನು ಹೊಂದಿಸಿಕೊಳ್ಳುವ ಬಗೆ

ಮಾನವನು ಬಳಸುವ ಉಪಕರಣಗಳೆಲ್ಲವೂ ಅವನ ಕೈಯನ್ನು ನೋಡಿಕೊಂಡೇ ರೂಪುಗೊಂಡಿವೆ. ನೇಗಿಲಿನ ಮೇಣಿ, ಬಡಗಿಯ ಉಳಿ, ನೇಕಾರನ ಲಾಳಿ, ಒಲೆಯ ಮುಂದಿನ ಸೌಟು, ಇವೆಲ್ಲವೂ ಹಿಡಿಯುವವನ ಹಿಡಿತಕ್ಕೆ ತಕ್ಕಂತೆ ಶತಮಾನಗಳ ಕಾಲ ತಿದ್ದಿಸಿಕೊಂಡು ಬಂದವು. ಆದರೆ ಹೀಗೆ ತಿದ್ದುವಾಗ ಎಣಿಕೆಗೆ ಬಂದ ಕೈ ಯಾರದು? ಬಹುಮಟ್ಟಿಗೆ ಅದು ಬಲಗೈಯವನ ಕೈ. ಅದರಲ್ಲಿಯೂ ಕಸುವುಳ್ಳವನ ಕೈ. ದರ್ಜಿಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುವ ಬದಲು ದೂರ ಸರಿಯುತ್ತವೆ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ, ಕತ್ತರಿಸಬೇಕಾದ ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ. ಕತ್ತರಿಯನ್ನು ಎಡಗೈಗೆ ಒಗ್ಗಿಸಬೇಕಾದರೆ ಬೇರೆ ಕತ್ತರಿಯನ್ನೇ ಮಾಡಿಸಬೇಕು.

ಇಂದು ನಮ್ಮ ಮನೆಗಳನ್ನು ಪ್ರವೇಶಿಸಿರುವ ಗಣಕಯಂತ್ರದ ವಿಷಯ ಹಾಗಲ್ಲ. ಗಣಕದ ಮೇಜಿನ ಮೇಲೆ ಕೂರುವ ಮೌಸ್ ಎಂಬ ಪುಟ್ಟ ಸಾಧನವನ್ನು ಬಲಗೈಯಿಂದ ಎಡಗೈಗೆ, ಯುವಕರ ಬೆರಳಿನಿಂದ ವೃದ್ಧರ ಬೆರಳಿಗೆ ಹೊಂದಿಸಿಕೊಡುವುದಕ್ಕೆ ಕಮ್ಮಾರನೂ ಬೇಡ, ಹಣವೂ ಬೇಡ. ಎರಡು ನಿಮಿಷಗಳ ಕಾಲ ಸಾಕು. ಹೀಗಿದ್ದರೂ ಎಷ್ಟೋ ಮನೆಗಳಲ್ಲಿ ಈ ಕಾರ್ಯ ನಡೆದಿಲ್ಲ. ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಮೌಸು ಉಳಿದಿರುತ್ತದೆ; ಅದಕ್ಕೆ ಒಗ್ಗದ ಮಗುವನ್ನು ದಡ್ಡನೆಂದೂ, ಒಗ್ಗದ ಹಿರಿಯರನ್ನು ಕಾಲಕ್ಕೆ ಹಿಂದುಳಿದವರೆಂದೂ ತೀರ್ಮಾನಿಸಿಬಿಡುತ್ತೇವೆ. ಈ ಅನ್ಯಾಯಕ್ಕೆ ಪರಿಹಾರ ಬಲು ಸುಲಭವಾಗಿರುವುದರಿಂದ ಅದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅಗತ್ಯ.

ಮೌಸಿನ ಪೂರ್ವವೃತ್ತಾಂತ

ಮೌಸಿನ ಮೊದಲ ಮಾದರಿ ಸಿದ್ಧವಾದುದು ೧೯೬೪ ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ. ಕಲ್ಪನೆ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರದು. ಅದನ್ನು ಕಟ್ಟಿದವರು ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್. ಮರದ ಒಂದು ತುಂಡನ್ನು ಕೊರೆದು, ಒಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಗಾಲಿಗಳನ್ನಿಟ್ಟು, ಮೇಲೆ ಒಂದೇ ಒಂದು ಗುಂಡಿಯನ್ನು ಜೋಡಿಸಲಾಗಿತ್ತು. ಹಿಂದಿನಿಂದ ಹೊರಟ ತಂತಿ ಬಾಲದಂತೆ ಕಾಣುತ್ತಿದ್ದುದರಿಂದ ಇಲಿ ಎಂಬ ಅರ್ಥದ ಹೆಸರು ಅದಕ್ಕೆ ಅಂಟಿಕೊಂಡಿತು. ೧೯೬೭ ರಲ್ಲಿ ಸಲ್ಲಿಸಿದ ಹಕ್ಕುಸ್ವಾಮ್ಯದ ಅರ್ಜಿಗೆ ೧೯೭೦ ರಲ್ಲಿ ಮನ್ನಣೆ ದೊರೆಯಿತು.

೧೯೬೮ ರ ಡಿಸೆಂಬರ್ ೯ ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮ್ಮೇಳನವೊಂದರಲ್ಲಿ ಎಂಗೆಲ್‌ಬಾರ್ಟ್ ಅವರು ಈ ಸಾಧನವನ್ನು ವಿದ್ವಾಂಸರ ಮುಂದೆ ಪ್ರದರ್ಶಿಸಿದರು. ಅಷ್ಟರಲ್ಲಿ ಗುಂಡಿಗಳ ಸಂಖ್ಯೆ ಮೂರಕ್ಕೆ ಏರಿತ್ತು. ಗಮನಾರ್ಹವಾದ ಸಂಗತಿಯೆಂದರೆ, ಅಂದು ಅವರ ಬಲಗೈ ಮೌಸಿನ ಮೇಲಿದ್ದರೆ ಎಡಗೈ ಐದು ಕೀಲಿಗಳ ಮತ್ತೊಂದು ಪುಟ್ಟ ಸಾಧನದ ಮೇಲಿತ್ತು. ಮೂಲ ಕಲ್ಪನೆಯಲ್ಲಿ ಎರಡೂ ಕೈಗಳಿಗೆ ಸಮಾನವಾದ ಕಾಯಕವಿತ್ತು.

ಮುಂದೆ ಗುಂಡಿಗಳ ಸಂಖ್ಯೆಯ ವಿಷಯದಲ್ಲಿ ತಯಾರಕರಲ್ಲಿ ಒಮ್ಮತವೇ ಮೂಡಲಿಲ್ಲ. ಜೆರಾಕ್ಸ್ ಸಂಸ್ಥೆಯ ೧೯೭೩ ರ ಆಲ್ಟೋ ಗಣಕದ ಮೌಸಿಗೆ ಮೂರು ಗುಂಡಿಗಳು. ಅದೇ ಸಂಸ್ಥೆಯ ೧೯೮೧ ರ ಸ್ಟಾರ್ ಗಣಕಕ್ಕೆ ಎರಡು. ಹೊಸಬರಿಗೆ ಗೊಂದಲವಾಗಬಾರದೆಂದು ಆ್ಯಪಲ್ ಸಂಸ್ಥೆ ೧೯೮೩ ರ ಲಿಸಾ ಮತ್ತು ೧೯೮೪ ರ ಮ್ಯಾಕಿಂಟಾಷ್ ಗಣಕಗಳಿಗೆ ಒಂದೇ ಗುಂಡಿ ಇಟ್ಟಿತು. ಮೈಕ್ರೋಸಾಫ್ಟ್ ಸಂಸ್ಥೆಯ ೧೯೮೩ ರ ಮೌಸಿಗೆ ಎರಡು ಗುಂಡಿಗಳಿದ್ದವು. ೧೯೯೬ ರಲ್ಲಿ ಅದೇ ಸಂಸ್ಥೆ ನಡುವೆ ತಿರುಗುವ ಚಕ್ರವುಳ್ಳ ಮೌಸನ್ನು ತಂದು ಜನಪ್ರಿಯಗೊಳಿಸಿತು. ಎಡಕ್ಕೊಂದು, ಬಲಕ್ಕೊಂದು, ನಡುವೆ ಚಕ್ರ ಎಂಬ ಇಂದಿನ ರೂಪ ಹೀಗೆ ಹಂತಹಂತವಾಗಿ ಬಂದದ್ದು. ಎಡದ ಗುಂಡಿಯೇ ಮುಖ್ಯವಾಗಿರಬೇಕೆಂಬುದು ಬಳಕೆಯಿಂದ ನೆಲೆಗೊಂಡ ಒಂದು ರೂಢಿ. ಬಲಗೈಯಲ್ಲಿ ಮೌಸು ಹಿಡಿದಾಗ ತೋರುಬೆರಳು ಅದರ ಮೇಲೆ ಬರುತ್ತದೆ ಎಂಬುದೇ ಆ ರೂಢಿಯ ಅನುಕೂಲ.

ಗುಂಡಿಗೆ ಅರ್ಥ ಕೊಡುವವರು ಯಾರು?

ಗುಂಡಿಯನ್ನು ಒತ್ತಿದಾಗ ಒಳಗಿರುವ ಸಣ್ಣ ಸ್ವಿಚ್ಚು ಮುಚ್ಚಿಕೊಂಡು, ಇಂತಹ ಗುಂಡಿ ಒತ್ತಲ್ಪಟ್ಟಿದೆ ಎಂಬ ಸಂಕೇತವನ್ನಷ್ಟೇ ಗಣಕಕ್ಕೆ ಕಳುಹಿಸುತ್ತದೆ. ಅದನ್ನು ಆಯ್ಕೆ ಎಂದು ತಿಳಿಯಬೇಕೋ, ಪಟ್ಟಿ ತೆರೆಯುವ ಆಜ್ಞೆ ಎಂದು ತಿಳಿಯಬೇಕೋ ಎಂಬುದನ್ನು ನಿರ್ಧರಿಸುವುದು ಗಣಕದ ಕಾರ್ಯಾಚರಣೆ ವ್ಯವಸ್ಥೆ. ಎಂದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮುಂತಾದ ಹೆಸರುಗಳಿಂದ ನಾವು ಬಲ್ಲ ಮೂಲ ತಂತ್ರಾಂಶ. ಸಾಮಾನ್ಯ ಏರ್ಪಾಟಿನಲ್ಲಿ ಎಡದ ಗುಂಡಿ ಮುಖ್ಯ ಗುಂಡಿ: ಅದು ಆರಿಸುತ್ತದೆ, ತೆರೆಯುತ್ತದೆ, ಎಳೆಯುತ್ತದೆ. ಬಲದ್ದು ಎರಡನೆಯ ಗುಂಡಿ: ಅದು ಆ ವಸ್ತುವಿಗೆ ಸಂಬಂಧಿಸಿದ ಕೆಲಸಗಳ ಪಟ್ಟಿಯನ್ನು ಮುಂದಿಡುತ್ತದೆ. ಅರ್ಥವನ್ನು ಕೊಡುವುದು ತಂತ್ರಾಂಶವಾದ್ದರಿಂದ ಆ ಅರ್ಥವನ್ನು ಬದಲಾಯಿಸುವ ಅಧಿಕಾರವೂ ಅಲ್ಲಿಯೇ ಇದೆ. ಮೌಸನ್ನು ಬಿಚ್ಚುವ ಅಗತ್ಯವಿಲ್ಲ.

ಎಡಗೈಯವರಿಗಾಗಿ

ಲೋಕದ ಜನರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಹುಟ್ಟಿನಿಂದಲೇ ಎಡಗೈಯವರು. ಹತ್ತು ಮಕ್ಕಳ ಕೂಡು ಕುಟುಂಬದಲ್ಲಿ ಒಂದು ಮಗುವಾದರೂ ಅಂಥದ್ದು ಇದ್ದರೆ ಆಶ್ಚರ್ಯವಿಲ್ಲ. ನಮ್ಮ ಸಮಾಜ ಎಡಗೈಯನ್ನು ಕೀಳೆಂದು ಬಗೆದು, ಊಟಕ್ಕೆ ಬೇಡ, ಕೊಡುಕೊಳ್ಳುವುದಕ್ಕೆ ಬೇಡ, ಬರವಣಿಗೆಗಂತೂ ಬೇಡವೇ ಬೇಡವೆಂದು ಗದರಿಸಿ ಎಷ್ಟು ಮಕ್ಕಳ ಕೈಯನ್ನು ಕುಗ್ಗಿಸಿದೆಯೋ ಲೆಕ್ಕವಿಲ್ಲ. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಯೇ ಇರಿಸಿಕೊಂಡು ಪೂಜಿಸುವ ಮನೆಗಳಲ್ಲಿಯಾದರೂ ಈ ತಾರತಮ್ಯಕ್ಕೆ ಎಡೆಯಿರಬಾರದು. ಅಂಗೈಗಳಲ್ಲಿ ಮೇಲುಕೀಳೆಂಬುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಕೈ ಚುರುಕು, ಅಷ್ಟೇ.

ಎಡಗೈಯ ಮಗು ಮೌಸನ್ನು ಎಡಗೈಯಲ್ಲಿ ಹಿಡಿದಾಗ ಅದರ ತೋರುಬೆರಳು ಬಲದ ಗುಂಡಿಯ ಮೇಲೆ ಬರುತ್ತದೆ. ಸಾಮಾನ್ಯ ಏರ್ಪಾಟಿನಲ್ಲಿ ಅದು ಎರಡನೆಯ ಗುಂಡಿ. ಮಗು ಚಿತ್ರವನ್ನು ಎಳೆಯಲು ಹೋದರೆ ಪಟ್ಟಿ ತೆರೆದುಕೊಳ್ಳುತ್ತದೆ; ಕಡತ ತೆರೆಯಲು ಹೋದರೂ ಪಟ್ಟಿಯೇ. ಇದನ್ನು ತಪ್ಪಿಸಲು ಅದು ದುರ್ಬಲವಾದ ಉಂಗುರ ಬೆರಳನ್ನೋ ನಡುಬೆರಳನ್ನೋ ಮುಖ್ಯ ಕೆಲಸಕ್ಕೆ ಹಚ್ಚಬೇಕಾಗುತ್ತದೆ. ಪರಿಹಾರ ಹೀಗಿದೆ.

ವಿಂಡೋಸ್ ೧೧ ರಲ್ಲಿ 'ಸೆಟ್ಟಿಂಗ್ಸ್' ತೆರೆದು, 'ಬ್ಲೂಟೂತ್ ಅಂಡ್ ಡಿವೈಸಸ್' ಎಂಬಲ್ಲಿಗೆ ಹೋಗಿ, 'ಮೌಸ್' ಎಂಬುದನ್ನು ಆರಿಸಬೇಕು. ಅಲ್ಲಿ 'ಪ್ರೈಮರಿ ಮೌಸ್ ಬಟನ್' ಎಂಬ ಸಾಲಿನ ಎದುರು ಎಡ ಎಂಬರ್ಥದ 'ಲೆಫ್ಟ್' ಇರುತ್ತದೆ. ಅದನ್ನು 'ರೈಟ್' ಎಂದು ಬದಲಿಸಿದರೆ ಬಲದ ಗುಂಡಿಯೇ ಮುಖ್ಯ ಗುಂಡಿಯಾಗುತ್ತದೆ. ವಿಂಡೋಸ್ ೧೦ ರಲ್ಲಿ ಇದೇ ಆಯ್ಕೆ 'ಸೆಟ್ಟಿಂಗ್ಸ್', 'ಡಿವೈಸಸ್', 'ಮೌಸ್' ಎಂಬ ಕ್ರಮದಲ್ಲಿ ದೊರೆಯುತ್ತದೆ. ಹಳೆಯ ಗಣಕಗಳಲ್ಲಿ 'ಕಂಟ್ರೋಲ್ ಪ್ಯಾನಲ್' ತೆರೆದು 'ಮೌಸ್' ಆರಿಸಿ, 'ಬಟನ್ಸ್' ಎಂಬ ಪುಟದಲ್ಲಿ 'ಸ್ವಿಚ್ ಪ್ರೈಮರಿ ಅಂಡ್ ಸೆಕೆಂಡರಿ ಬಟನ್ಸ್' ಎಂಬ ಚೌಕದೊಳಗೆ ಗುರುತು ಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆ. ಬದಲಾವಣೆ ಆ ಕ್ಷಣವೇ ಜಾರಿಗೆ ಬರುತ್ತದೆ. ಗುರುತು ಹಾಕಿದ ಮರುಕ್ಷಣ 'ಓಕೆ' ಎಂಬುದನ್ನು ಎಡದ ಗುಂಡಿಯಿಂದ ಒತ್ತಿದರೆ ಅದು ಕೇಳುವುದಿಲ್ಲ. ಬಲದ ಗುಂಡಿಯಿಂದಲೇ ಒತ್ತಬೇಕು. ಯಂತ್ರ ಕೆಟ್ಟಿತೆಂದು ಗಾಬರಿಪಡಬೇಕಾದುದಿಲ್ಲ, ಅದು ಹೇಳಿದ ಮಾತನ್ನು ಪಾಲಿಸುತ್ತಿದೆ.

ಎಡಗೈಯವರೆಲ್ಲರೂ ಈ ಬದಲಾವಣೆಯನ್ನು ಬಯಸುತ್ತಾರೆಂದು ತಿಳಿಯಬಾರದು. ಶಾಲೆಯ ಗಣಕದಲ್ಲಿ ಬಲಗೈಗೆ ರೂಢಿಯಾದವರು ಹಾಗೆಯೇ ಮುಂದುವರಿಯಲು ಇಚ್ಛಿಸಬಹುದು. ಮೌಸನ್ನು ಎಡಕ್ಕೆ ಸರಿಸಿಕೊಂಡು ಗುಂಡಿಗಳನ್ನು ಮೊದಲಿನಂತೆಯೇ ಇಟ್ಟುಕೊಳ್ಳುವವರೂ ಇದ್ದಾರೆ. ಆದುದರಿಂದ ಮಗುವನ್ನು ಕೇಳಿ, ಎರಡೂ ಬಗೆಯಲ್ಲಿ ಕೆಲವು ದಿನ ಆಡಲು ಬಿಟ್ಟು, ಅದರ ಒಲವಿನಂತೆ ನಡೆಯುವುದು ಲೇಸು. ಮೌಸನ್ನು ಕೊಳ್ಳುವಾಗಲೂ ಆಕಾರವನ್ನು ನೋಡಬೇಕು. ಬಲ ಅಂಗೈಯ ತಗ್ಗಿಗೆ ತಕ್ಕಂತೆ ಒಂದು ಬದಿಗೆ ಬಾಗಿದ ಮೌಸುಗಳಿವೆ. ಅವು ಎಡಗೈಗೆ ಹಿಂಸೆ. ಎರಡೂ ಬದಿ ಸಮನಾಗಿರುವ ಮೌಸು ಯಾವ ಕೈಗಾದರೂ ಸಲ್ಲುತ್ತದೆ.

ಈ ಏರ್ಪಾಟು ಎಡಗೈಯವರಿಗಷ್ಟೇ ಮೀಸಲಲ್ಲ. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದವರು, ಬಲಗೈಗೆ ಪೆಟ್ಟಾಗಿ ಪಟ್ಟಿ ಕಟ್ಟಿಸಿಕೊಂಡವರು, ದಿನವಿಡೀ ಲೆಕ್ಕಪತ್ರ ಬರೆದು ಮಣಿಕಟ್ಟು ನೋಯಿಸಿಕೊಂಡವರು ಕೂಡ ಎಡಗೈಯನ್ನು ಪಳಗಿಸಿಕೊಳ್ಳಬಹುದು. ಮಹಾತ್ಮ ಗಾಂಧೀಜಿಯವರು ೧೯೦೯ ರಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ 'ಹಿಂದ್ ಸ್ವರಾಜ್' ಗ್ರಂಥವನ್ನು ಬರೆಯುತ್ತಿದ್ದಾಗ, ಬಲಗೈ ದಣಿದೊಡನೆ ಲೇಖನಿಯನ್ನು ಎಡಗೈಗೆ ವರ್ಗಾಯಿಸಿಕೊಂಡು ಬರೆದರೆಂಬುದು ಪ್ರಸಿದ್ಧವಾದ ಸಂಗತಿ. ಲೇಖನಿಗೆ ಸಲ್ಲುವ ವಿವೇಕ ಮೌಸಿಗೂ ಸಲ್ಲುತ್ತದೆ.

ಹಿರಿಯರಿಗಾಗಿ

ಎರಡನೆಯ ತೊಡಕು ಹಿರಿಯರದು. ಕಡತವೊಂದನ್ನು ತೆರೆಯಲು ಮುಖ್ಯ ಗುಂಡಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಇದಕ್ಕೆ ಡಬಲ್ ಕ್ಲಿಕ್ ಎಂಬ ಹೆಸರು ರೂಢಿಯಲ್ಲಿದೆ. ಮೊದಲ ಒತ್ತಿಗೂ ಎರಡನೆಯ ಒತ್ತಿಗೂ ನಡುವಣ ಕಾಲ ಇಂತಿಷ್ಟರ ಒಳಗಿರಬೇಕೆಂಬ ನಿಯಮವನ್ನು ವಿಂಡೋಸ್ ಇಟ್ಟುಕೊಂಡಿದೆ. ಸಾಮಾನ್ಯವಾಗಿ ಆ ಮಿತಿ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ೫೦೦, ಅಂದರೆ ಅರ್ಧ ಸೆಕೆಂಡು. ಇಪ್ಪತ್ತರ ಹರೆಯದವರಿಗೆ ಇದು ಧಾರಾಳವಾದ ಕಾಲ. ಸಂಧಿವಾತದಿಂದ ಗೆಣ್ಣುಗಳು ಬಿಗಿದ, ಬೆರಳು ನಡುಗುವ ಎಪ್ಪತ್ತರ ಹಿರಿಯರಿಗೆ ಅದೇ ಕಾಲ ಸಾಲುವುದಿಲ್ಲ. ಅವರು ನಿಧಾನವಾಗಿ ಎರಡು ಸಲ ಒತ್ತಿದ್ದನ್ನು ಯಂತ್ರ ಬೇರೆಬೇರೆ ಎರಡು ಒತ್ತುಗಳೆಂದು ಎಣಿಸಿ, ಕಡತವನ್ನು ತೆರೆಯದೆ, ಕೆಲವೊಮ್ಮೆ ಅದರ ಹೆಸರನ್ನು ಬದಲಿಸಲು ಸಿದ್ಧವಾಗುತ್ತದೆ. ಸಾಲದುದಕ್ಕೆ, ಎರಡು ಒತ್ತುಗಳ ನಡುವೆ ಕೈ ಅಲುಗಿ ಪರದೆಯ ಬಾಣ ಕೆಲವೇ ಬಿಂದುಗಳಷ್ಟು ಆಚೀಚೆ ಸರಿದರೂ ಅದು ಡಬಲ್ ಕ್ಲಿಕ್ ಎನಿಸುವುದಿಲ್ಲ.

ಮನೆಯಲ್ಲಿ ಇದು ಹೇಗೆ ಪರಿಣಮಿಸುತ್ತದೆಂಬುದನ್ನು ಯೋಚಿಸಬೇಕು. ಹೊರದೇಶದಲ್ಲಿರುವ ಮೊಮ್ಮಗಳು ಕಳುಹಿಸಿದ ಚಿತ್ರಗಳನ್ನು ಅಜ್ಜಿ ತಾವಾಗಿಯೇ ತೆರೆಯಲು ಹೋಗುತ್ತಾರೆ. ನಾಲ್ಕಾರು ಸಲ ಪ್ರಯತ್ನಿಸಿದರೂ ತೆರೆಯದು. ಮಗನನ್ನು ಕರೆಯುತ್ತಾರೆ; ಅವನು ಓಡಿ ಬಂದು ಟಕಟಕನೆ ಒತ್ತಿ ತೆರೆದುಕೊಟ್ಟು, 'ಇಷ್ಟೇ ಅಲ್ಲವೇನವ್ವಾ!' ಎಂದು ಹೋಗುತ್ತಾನೆ. ಎರಡು ಮೂರು ಸಲ ಹೀಗಾದ ಮೇಲೆ ಅಜ್ಜಿ ಗಣಕದ ಬಳಿಗೆ ಹೋಗುವುದನ್ನೇ ಬಿಡುತ್ತಾರೆ. 'ನಮಗೆಲ್ಲಿ ಬರಬೇಕಪ್ಪ ಅದೆಲ್ಲ' ಎಂಬ ಅವರ ಮಾತನ್ನು ಮನೆಯವರು ನಿಜವೆಂದೇ ನಂಬುತ್ತಾರೆ. ಅವರ ಬುದ್ಧಿಯಲ್ಲಿ ಕೊರತೆಯಿರಲಿಲ್ಲ. ಯಂತ್ರ ಕೊಟ್ಟ ಕಾಲ ಅವರ ಬೆರಳಿಗೆ ಸಾಲಲಿಲ್ಲ. ಸೆಕೆಂಡಿನ ಕೆಲವು ಅಂಶಗಳಿಗಾಗಿ ಒಂದು ಹಿರಿಯ ಜೀವ ಲೋಕದ ಒಂದು ಬಾಗಿಲನ್ನು ಮುಚ್ಚಿಕೊಂಡಂತಾಯಿತು.

ಇದನ್ನು ಸರಿಪಡಿಸುವ ದಾರಿಗಳು ಹಲವು.

ಮೊದಲನೆಯದು, ಕಾಲಮಿತಿಯನ್ನೇ ಹಿಗ್ಗಿಸುವುದು. ಹಿಂದೆ ಹೇಳಿದ 'ಬಟನ್ಸ್' ಪುಟದಲ್ಲಿ 'ಡಬಲ್ ಕ್ಲಿಕ್ ಸ್ಪೀಡ್' ಎಂಬ ಪಟ್ಟಿಯಿದೆ. ವಿಂಡೋಸ್ ೧೦ ಮತ್ತು ೧೧ ರಲ್ಲಿ ಮೌಸಿನ ಸೆಟ್ಟಿಂಗ್ಸ್ ಒಳಗಿನ 'ಅಡಿಷನಲ್ ಮೌಸ್' ಎಂಬ ಪದಗಳಿರುವ ಸಾಲನ್ನು ಒತ್ತಿದರೆ ಈ ಪುಟ ತೆರೆಯುತ್ತದೆ. ಪಟ್ಟಿಯಲ್ಲಿರುವ ಗುರುತನ್ನು 'ಸ್ಲೋ' ಎಂಬ ಕಡೆಗೆ ಎಳೆದಷ್ಟೂ ಯಂತ್ರ ಹೆಚ್ಚು ಕಾಲ ಕಾಯುತ್ತದೆ. ಕೊನೆಯ ಮಿತಿ ಸೆಕೆಂಡಿನ ಸಾವಿರದಲ್ಲಿ ೯೦೦ ಭಾಗ. ಪಕ್ಕದಲ್ಲಿಯೇ ಪರೀಕ್ಷೆಗೆಂದು ಫೋಲ್ಡರಿನ ಒಂದು ಪುಟ್ಟ ಚಿತ್ರವಿದೆ. ಹಿರಿಯರನ್ನೇ ಕುಳ್ಳಿರಿಸಿ ಅದರ ಮೇಲೆ ಎರಡು ಸಲ ಒತ್ತಲು ಹೇಳಬೇಕು. ಚಿತ್ರ ತೆರೆದುಕೊಂಡರೆ ಏರ್ಪಾಟು ಸರಿಹೋಯಿತೆಂದು ಅರ್ಥ. ಪರೀಕ್ಷೆ ಮಾಡಬೇಕಾದ ಬೆರಳು ಅವರದು, ಮಗನದಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು, ಡಬಲ್ ಕ್ಲಿಕ್ ಎಂಬುದನ್ನೇ ಕೈಬಿಡುವುದು. ಕಡತದ ಮೇಲೆ ಒಮ್ಮೆ ಒತ್ತಿ ಆರಿಸಿಕೊಂಡು, ಕೀಲಿಮಣೆಯ 'ಎಂಟರ್' ಕೀಲಿಯನ್ನು ಒತ್ತಿದರೂ ಅದು ತೆರೆಯುತ್ತದೆ. ಇದಕ್ಕೂ ಸರಳವಾಗಬೇಕಿದ್ದರೆ ಫೋಲ್ಡರ್ ಕಿಟಕಿಯ 'ಆಪ್ಷನ್ಸ್' ತೆರೆದು, 'ಜನರಲ್' ಪುಟದಲ್ಲಿ 'ಸಿಂಗಲ್ ಕ್ಲಿಕ್ ಟು ಓಪನ್' ಎಂದು ಆರಂಭವಾಗುವ ಸಾಲನ್ನು ಆರಿಸಬಹುದು. ಆಮೇಲೆ ಒಂದೇ ಒತ್ತಿಗೆ ಕಡತ ತೆರೆಯುತ್ತದೆ.

ಮೂರನೆಯದು, ಎಳೆಯುವ ಕಷ್ಟಕ್ಕೆ ಪರಿಹಾರ. ಬರೆದ ಸಾಲುಗಳನ್ನು ಆರಿಸಲು ಗುಂಡಿಯನ್ನು ಒತ್ತಿಹಿಡಿದೇ ಮೌಸನ್ನು ಸರಿಸಬೇಕಾಗುತ್ತದೆ. ನೋಯುವ ಬೆರಳಿಗೆ ಇದು ದೊಡ್ಡ ಶಿಕ್ಷೆ. ಅದೇ 'ಬಟನ್ಸ್' ಪುಟದ 'ಕ್ಲಿಕ್‌ಲಾಕ್' ಎಂಬುದಕ್ಕೆ ಗುರುತು ಹಾಕಿದರೆ, ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಸಾಕು, ಅದು ಒತ್ತಿಹಿಡಿದಂತೆಯೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಒತ್ತಿದರೆ ಬಿಡುಗಡೆಯಾಗುತ್ತದೆ. ಬಾಣ ವೇಗವಾಗಿ ಓಡಿ ಕಣ್ತಪ್ಪುವವರಿಗೆ ಅದರ ವೇಗವನ್ನು ತಗ್ಗಿಸಿ ಗಾತ್ರವನ್ನು ಹಿಗ್ಗಿಸುವ ಅವಕಾಶವೂ ಇದೆ.

ಮನೆಗೊಂದು ಗಣಕ, ಕೈ ಹಲವು

ಅಣ್ಣ ಬಲಗೈಯವನು, ತಂಗಿ ಎಡಗೈಯವಳು, ಅಜ್ಜನಿಗೆ ನಿಧಾನ ಬೇಕು, ಗಣಕವಾದರೋ ಒಂದೇ. ಒಬ್ಬರು ಮಾಡಿದ ಏರ್ಪಾಟನ್ನು ಮತ್ತೊಬ್ಬರು ಕೆಡಿಸಿ ದಿನವೂ ಜಗಳವಾಗುವುದಾದರೆ ಈ ಉಪದೇಶದಿಂದ ಫಲವೇನು? ವಿಂಡೋಸ್ ಇದಕ್ಕೂ ದಾರಿ ಇಟ್ಟಿದೆ. ಮೌಸಿನ ಏರ್ಪಾಟು ಇಡೀ ಗಣಕಕ್ಕೆ ಸೇರದೆ, ಬಳಸುವ ವ್ಯಕ್ತಿಯ ಖಾತೆಗೆ ಸೇರಿರುತ್ತದೆ. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆಯನ್ನು ತೆರೆದುಕೊಟ್ಟರೆ ಅವರು ತಮ್ಮ ಹೆಸರಿನಿಂದ ಪ್ರವೇಶಿಸಿದೊಡನೆ ಮೌಸು ಅವರ ಕೈಗೆ ತಕ್ಕಂತಾಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಅಡುಗೆ ಒಂದೇ ಆದರೂ ರೋಗಿಗೆ ಪಥ್ಯ, ಮಗುವಿಗೆ ಹಾಲನ್ನ ಬೇರೆಯಾಗಿ ಬಡಿಸುವ ಕ್ರಮದಂತೆಯೇ ಇದು.

ಕಲಿಸುವವರು ಮಾತಿನಲ್ಲಿಯೂ ಎಚ್ಚರ ವಹಿಸಬೇಕು. 'ಎಡದ್ದು ಒತ್ತು, ಬಲದ್ದು ಒತ್ತು' ಎಂದರೆ ಗುಂಡಿಗಳು ಅದಲುಬದಲಾದ ಗಣಕದಲ್ಲಿ ಅನರ್ಥವಾಗುತ್ತದೆ. 'ಮುಖ್ಯ ಗುಂಡಿ', 'ಎರಡನೆಯ ಗುಂಡಿ' ಎಂದು ಹೇಳಿ ಕಲಿಸಿದರೆ ಯಾವ ಕೈಯವರಿಗೂ ಗೊಂದಲವಿಲ್ಲ.

ಮ್ಯಾಕ್ ಗಣಕದಲ್ಲಿ 'ಸಿಸ್ಟಮ್ ಸೆಟ್ಟಿಂಗ್ಸ್' ಒಳಗಿನ 'ಮೌಸ್' ಎಂಬಲ್ಲಿ, 'ಸೆಕೆಂಡರಿ ಕ್ಲಿಕ್' ಯಾವ ಬದಿಯಲ್ಲಿರಬೇಕೆಂದು ಆರಿಸಬಹುದು. ಲಿನಕ್ಸ್ ಬಗೆಯ ಉಬುಂಟು ಮುಂತಾದವುಗಳಲ್ಲಿ 'ಸೆಟ್ಟಿಂಗ್ಸ್' ಒಳಗೆ ಮೌಸಿನ ಪುಟದಲ್ಲಿ 'ಪ್ರೈಮರಿ ಬಟನ್' ಎಂಬ ಆಯ್ಕೆಯಿದೆ. ಹೆಸರುಗಳಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ತತ್ತ್ವ ಒಂದೇ.

ತೊಂದರೆ ಬಂದಾಗ

ಇದ್ದಕ್ಕಿದ್ದಂತೆ ಎಡದ ಗುಂಡಿಗೆ ಪಟ್ಟಿ ತೆರೆಯತೊಡಗಿದರೆ ಮನೆಯ ಮಕ್ಕಳಾರೋ ಆಟದಲ್ಲಿ ಗುಂಡಿಗಳನ್ನು ಅದಲುಬದಲು ಮಾಡಿದ್ದಾರೆಂದು ತಿಳಿಯಬೇಕು. ಬಲದ ಗುಂಡಿಯನ್ನೇ ಮುಖ್ಯ ಗುಂಡಿಯಾಗಿ ಬಳಸುತ್ತ ಹಿಂದೆ ಹೇಳಿದ ಪುಟಕ್ಕೆ ಹೋಗಿ ಮೊದಲಿನಂತೆ ಮಾಡಿದರಾಯಿತು; ದುರಸ್ತಿಯವನನ್ನು ಕರೆಯುವ ಅಗತ್ಯವಿಲ್ಲ.

ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ಗಣಕ ವರ್ತಿಸುವುದಾದರೆ ಅದು ಬೇರೆ ಬಗೆಯ ರೋಗ. ಬಹುಕಾಲದ ಬಳಕೆಯಿಂದ ಗುಂಡಿಯ ಕೆಳಗಿನ ಸ್ವಿಚ್ಚಿನ ಲೋಹದ ತುದಿಗಳು ಸವೆದು, ಒಂದು ಒತ್ತಿಗೆ ಎರಡು ಸಲ ಕೂಡಿಕೊಳ್ಳುತ್ತವೆ. ಇದಕ್ಕೆ ಸೆಟ್ಟಿಂಗ್ಸ್ ಮದ್ದಲ್ಲ. ಬೇರೊಂದು ಮೌಸನ್ನು ಜೋಡಿಸಿ ನೋಡಬೇಕು. ಅದು ಸರಿಯಾಗಿ ನಡೆದರೆ ಹಳೆಯ ಮೌಸನ್ನು ಬದಲಿಸಬೇಕೆಂದು ನಿರ್ಣಯಿಸಬಹುದು. ಹೊಸದರಲ್ಲಿಯೂ ದೋಷ ಮರುಕಳಿಸಿದರೆ ಮಾತ್ರ ತಂತ್ರಾಂಶದತ್ತ ಗಮನ ಹರಿಸಬೇಕು.

ಮೌಸು ಸಂಪೂರ್ಣವಾಗಿ ಕೈಕೊಟ್ಟಾಗ ಕೀಲಿಮಣೆಯೇ ಆಪದ್ಬಂಧು. ಎಡಗಡೆಯ 'ಆಲ್ಟ್', ಎಡಗಡೆಯ 'ಶಿಫ್ಟ್' ಮತ್ತು 'ನಮ್ ಲಾಕ್' ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್ ಒಪ್ಪಿಗೆ ಕೇಳುತ್ತದೆ. ಒಪ್ಪಿದ ಮೇಲೆ ಬಲತುದಿಯ ಅಂಕೆಗಳ ಕೀಲಿಗಳಿಂದ ಬಾಣವನ್ನು ಓಡಿಸಬಹುದು. ಅಲ್ಲಿನ ೫ ಎಂಬ ಕೀಲಿ ಗುಂಡಿ ಒತ್ತಿದ ಕೆಲಸ ಮಾಡುತ್ತದೆ. ಮೌಸನ್ನು ಹಿಡಿಯಲಾಗದಷ್ಟು ಕೈ ನಡುಗುವವರಿಗೆ ಇದು ನಿತ್ಯದ ಮಾರ್ಗವೂ ಆಗಬಲ್ಲದು.

ಮನೆಯವರ ಕರ್ತವ್ಯ

ಮನೆಗೆ ಗಣಕ ತರುವವರು ಸಾಮಾನ್ಯವಾಗಿ ತರುಣರು. ಅದನ್ನು ಹೊಂದಿಸುವವರೂ ಅವರೇ. ಅವರಲ್ಲಿ ಒಂದು ವಿನಂತಿ. ಪಾಠ ಆರಂಭಿಸುವ ಮುನ್ನ ಕಲಿಯುವವರನ್ನು ಎರಡು ಪ್ರಶ್ನೆ ಕೇಳಿರಿ: 'ಯಾವ ಕೈ ನಿಮಗೆ ಅನುಕೂಲ? ಬೆರಳು ನೋಯುತ್ತದೆಯೇ?' ಉತ್ತರಕ್ಕೆ ತಕ್ಕಂತೆ ಗುಂಡಿಗಳನ್ನೂ ಕಾಲಮಿತಿಯನ್ನೂ ಹೊಂದಿಸಿ, ಅನಂತರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಮೌಸನ್ನು ಅವರ ಕೈಯಿಂದ ಕಸಿದು ನೀವೇ ಒತ್ತಬೇಡಿರಿ. ಅಜ್ಜನಿಗೆ ಊರಿನ ಹಳೆಯ ಸಂಗತಿಗಳನ್ನು ಬರೆದಿಡಬೇಕೆಂಬ ಆಸೆಯಿರಬಹುದು. ಅಜ್ಜಿಗೆ ತಮ್ಮ ಹಾಡುಗಳನ್ನು ಮೊಮ್ಮಕ್ಕಳಿಗೆ ಕಳುಹಿಸಬೇಕೆನಿಸಿರಬಹುದು. ಎಡಗೈಯ ಮಗಳಲ್ಲಿ ಒಬ್ಬ ಚಿತ್ರಗಾರ್ತಿ ಅಡಗಿರಬಹುದು. ಇವೆಲ್ಲ ಹೊರಬರಲು ಬೇಕಾದದ್ದು ಎರಡು ನಿಮಿಷಗಳ ಏರ್ಪಾಟು, ಸ್ವಲ್ಪ ತಾಳ್ಮೆ. ಇಂದು ಸಂಜೆಯೇ ಮನೆಯ ಹಿರಿಯರೊಬ್ಬರನ್ನು ಗಣಕದ ಮುಂದೆ ಕುಳ್ಳಿರಿಸಿ, ಆ ಫೋಲ್ಡರಿನ ಪುಟ್ಟ ಚಿತ್ರ ಅವರ ಬೆರಳಿಗೆ ತೆರೆದುಕೊಳ್ಳುವವರೆಗೆ ಗುರುತನ್ನು ಸರಿಸಿಕೊಡಿರಿ.